ಅಲುಗದ ಶ್ವಾಸಕೋಶ, ನಿಲ್ಲದ ಹೃದಯ

ಉಸಿರಾಟವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎದೆಯ ಏರಿಳಿತ. ಆದರೆ ಶಸ್ತ್ರಚಿಕಿತ್ಸೆಗಾಗಿ ನಾಯಿಯ ಎದೆಗೂಡನ್ನು ತೆರೆದರೆ ಆ ಏರಿಳಿತದಿಂದ ಪ್ರಯೋಜನವಿಲ್ಲ. ಶ್ವಾಸಕೋಶವು ಬಲೂನಿನಂತೆ ಸ್ಥಿತಿಸ್ಥಾಪಕ ಗುಣವುಳ್ಳದ್ದು. ಅದರ ಸುತ್ತಲಿನ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ತುಸು ಕಡಿಮೆ ಇರುವುದರಿಂದಲೇ ಅದು ಹಿಗ್ಗಿರುತ್ತದೆ. ಹೊರಗಿನ ಗಾಳಿ ಎದೆಗೂಡಿಗೆ ನುಗ್ಗಿದರೆ ಈ ವ್ಯತ್ಯಾಸ ಅಳಿದು, ಶ್ವಾಸಕೋಶ ಕುಗ್ಗುತ್ತದೆ. ಹಾಗಾದರೆ ಪ್ರಾಣಿಯನ್ನು ಬದುಕಿಸಿಡುವುದು ಹೇಗೆ?

ಸ್ಪ್ರಿಂಗಿನ ನಿಯಮದಿಂದ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತನಾದ ರಾಬರ್ಟ್ ಹುಕ್, 1664ರಲ್ಲಿ ಲಂಡನ್ನಿನಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ. ಎದೆ ತೆರೆದ ನಾಯಿಯ ಶ್ವಾಸನಾಳಕ್ಕೆ ತಿದಿಯಿಂದ ಗಾಳಿಯೂದಿ, ಅದನ್ನು ಒಂದು ಗಂಟೆಗೂ ಹೆಚ್ಚು ಕಾಲ ಜೀವಂತವಾಗಿರಿಸಿದ. ಆದರೆ ಜೀವ ಉಳಿಸಿದ್ದು ಶ್ವಾಸಕೋಶದ ಚಲನೆಯೇ, ಒಳಹೊಕ್ಕ ಗಾಳಿಯೇ? ರಕ್ತವನ್ನು ಮುಂದೂಡಲು ಆ ಚಲನೆ ಬೇಕೇ ಬೇಕೆಂದು ನಂಬಿದವರಿದ್ದರು.

1667ರ ಅಕ್ಟೋಬರ್ 24ರಂದು ರಾಯಲ್ ಸೊಸೈಟಿಯ ಮುಂದೆ ಹುಕ್ ಇವೆರಡನ್ನು ಬೇರ್ಪಡಿಸಿ ತೋರಿಸಿದ. ರಿಚರ್ಡ್ ಲೋವರ್ ಅವನಿಗೆ ನೆರವಾಗಿದ್ದ. ಶ್ವಾಸಕೋಶದ ಮೇಲ್ಮೈಯಲ್ಲಿ ಸಣ್ಣ ರಂಧ್ರಗಳನ್ನು ಚುಚ್ಚಿ, ಜೋಡಿ ತಿದಿಗಳಿಂದ ಎಡೆಬಿಡದೆ ಗಾಳಿ ಹಾಯಿಸಲಾಯಿತು. ಒಳಬಂದ ಗಾಳಿ ರಂಧ್ರಗಳ ಮೂಲಕ ಹೊರಹೋಗುತ್ತಿತ್ತು. ಶ್ವಾಸಕೋಶ ಉಬ್ಬಿ ನಿಶ್ಚಲವಾಗಿತ್ತು. ಹೃದಯ ಮಾತ್ರ ಕ್ರಮವಾಗಿ ಮಿಡಿಯುತ್ತಿತ್ತು. ಗಾಳಿ ನಿಲ್ಲಿಸಿದರೆ ನಾಯಿ ಸೆಟೆದು ಒದ್ದಾಡುತ್ತಿತ್ತು. ಮತ್ತೆ ಊದಿದರೆ ಚೇತರಿಸಿಕೊಳ್ಳುತ್ತಿತ್ತು. ಬೇಕಾದದ್ದು ಹೊಸ ಗಾಳಿ, ಚಲನೆ ಅದನ್ನು ಒದಗಿಸುವ ಸಾಧನ ಮಾತ್ರ ಎಂಬುದು ಸ್ಪಷ್ಟವಾಯಿತು.

ಈ ಜ್ಞಾನಕ್ಕೆ ಬೆಲೆ ತೆತ್ತದ್ದು ನಾಯಿ. ಆಗ ಅರಿವಳಿಕೆ ಇರಲಿಲ್ಲ. ಮೊದಲ ಪ್ರಯೋಗದ ನಂತರ, 1664ರ ನವೆಂಬರಿನಲ್ಲಿ, ಹುಕ್ ರಾಬರ್ಟ್ ಬಾಯ್ಲ್‌ಗೆ ಪತ್ರ ಬರೆದಿದ್ದ. ಪ್ರಾಣಿಗಾದ ಹಿಂಸೆಯಿಂದಾಗಿ ಇಂಥ ಪ್ರಯೋಗಕ್ಕೆ ಮತ್ತೆ ಮನಸ್ಸಾಗದು. ನೋವು ತಿಳಿಯದಂತೆ ಅದನ್ನು ಮಂಕಾಗಿಸುವ ದಾರಿ ಇದ್ದರೆ ಸರಿ, ಆದರೆ ಯಾವ ಅಫೀಮಿನ ಮದ್ದೂ ಅದನ್ನು ಸಾಧಿಸಲಾರದೇನೋ ಎಂಬುದು ಅದರ ಸಾರ. ಆದರೂ ಮೂರು ವರ್ಷಗಳ ಬಳಿಕ ಅವನೇ ಅದನ್ನು ಮುಂದುವರಿಸಿದ.

ಆ ದಾರಿ ಜಗತ್ತಿಗೆ ಗೋಚರಿಸಿದ್ದು 1846ರಲ್ಲಿ, ಬಾಸ್ಟನ್ನಿನಲ್ಲಿ ನಡೆದ ಈಥರ್ ಪ್ರದರ್ಶನದಿಂದ. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಮೆಲ್ಟ್ಜರ್ ಮತ್ತು ಆವರ್ ನಾಯಿಗಳ ಶ್ವಾಸನಾಳದೊಳಕ್ಕೆ, ಅದು ಕವಲೊಡೆಯುವ ಜಾಗದವರೆಗೆ, ಕಿರಿದಾದ ನಳಿಕೆ ಇಳಿಸಿ ನಿರಂತರ ಗಾಳಿ ಹಾಯಿಸಿದರು. ಗಾಳಿ ನಳಿಕೆಯ ಸುತ್ತಲಿನ ತೆರವಿನಿಂದ ಹಿಂದಿರುಗುತ್ತಿತ್ತು. ಶ್ವಾಸಕೋಶವನ್ನು ಚುಚ್ಚಬೇಕಾಗಲಿಲ್ಲ, ಗಾಳಿಯ ಜೊತೆಗೇ ಈಥರನ್ನೂ ಕೊಡಬಹುದಾಗಿತ್ತು.

ಇಂದು ನಾಯಿಗೆ ಎದೆಯ ಶಸ್ತ್ರಚಿಕಿತ್ಸೆ ಮಾಡುವಾಗ ತಿದಿಯ ಕೆಲಸವನ್ನು ವೆಂಟಿಲೇಟರ್ ಮಾಡುತ್ತದೆ. ಆಕ್ಸಿಜನ್ ಒಳಹೋದರಷ್ಟೇ ಸಾಲದು, ಕಾರ್ಬನ್ ಡೈಆಕ್ಸೈಡ್ ಹೊರಬರಬೇಕು. ಅರಿವಳಿಕೆಯ ಮದ್ದುಗಳು ಉಸಿರಾಟವನ್ನೇ ಕುಂದಿಸುವುದರಿಂದ, ನಿಶ್ವಾಸದ ಕೊನೆಯಲ್ಲಿ ಈ ಅನಿಲದ ಆಂಶಿಕ ಒತ್ತಡ ಸುಮಾರು 35ರಿಂದ 45 ಮಿಲಿಮೀಟರ್ ಪಾದರಸದಷ್ಟು ಇದೆಯೇ ಎಂದು ಪಶುವೈದ್ಯರು ಗಮನಿಸುತ್ತಿರುತ್ತಾರೆ. ಹುಕ್‌ನ ನಾಯಿ ಕಲಿಸಿದ ಪಾಠ ಹೀಗೆ ನಾಯಿಗಳಿಗೂ ನೆರವಾಗುತ್ತಿದೆ, ಈಗ ನೋವಿಲ್ಲದೆ.