ಭಾಗಮತಿಯ ಐತಿಹ್ಯ ಮತ್ತು ದಖನಿನ ಅದ್ಭುತ ಕಥಾಪರಂಪರೆ

ಹೈದರಾಬಾದ್ ನಗರದ ಹುಟ್ಟನ್ನು ಕುರಿತ ಭಾಗಮತಿಯ ಕಥೆ ಸರ್ವವಿದಿತವಾದುದು. ಗೋಲ್ಕೊಂಡದ ರಾಜಕುಮಾರ ಮಹಮ್ಮದ್ ಕುಲಿ ತುಂಬಿ ಹರಿಯುವ ಮೂಸಿ ನದಿಗೆ ಕುದುರೆಯನ್ನಿಳಿಸಿ ಆಚೆ ದಡದ ನರ್ತಕಿಯನ್ನು ಕಾಣಲು ಹೋದನು; ಮಗನ ಪ್ರಾಣಕ್ಕೆ ಅಂಜಿದ ತಂದೆ ಇಬ್ರಾಹಿಂ ಕುತುಬ್ ಶಹನು ನದಿಗೆ ಸೇತುವೆ ಕಟ್ಟಿಸಿದನು; ಮಗ ಪಟ್ಟವೇರಿದ ಮೇಲೆ ಅವಳ ಹೆಸರಿನಲ್ಲಿ ಭಾಗನಗರವನ್ನು ನಿರ್ಮಿಸಿದನು; ಅವಳು ಹೈದರ್ ಮಹಲ್ ಎಂಬ ಬಿರುದು ಪಡೆದಾಗ ಊರು ಹೈದರಾಬಾದಾಯಿತು. ನಗರದ ಹೆಸರನ್ನು ಬದಲಿಸಬೇಕೆಂಬ ವಾದ ಎದ್ದಾಗಲೆಲ್ಲ ಈ ಕಥೆಯನ್ನು ಸಾಕ್ಷಿಯಾಗಿ ಕರೆಯಲಾಗುತ್ತದೆ. ಆದುದರಿಂದ ವಿದ್ವಾಂಸರ ಚರ್ಚೆಯೂ ಭಾಗಮತಿ ಇದ್ದಳೆ, ಇಲ್ಲವೆ ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತ ಬಂದಿದೆ. ನಾವಿಲ್ಲಿ ಬೇರೊಂದು ಪ್ರಶ್ನೆಯನ್ನು ಎತ್ತಬಯಸುತ್ತೇವೆ. ಈ ಬಗೆಯ ಕಥೆಗೆ ಸಾಮಗ್ರಿ ಒದಗಿದುದು ಎಲ್ಲಿಂದ? ಇದಕ್ಕೆ ಉತ್ತರ ಅರಸುವವರು ಪಾರಸಿ ಮತ್ತು ದಖನಿ ಗ್ರಂಥಗಳೊಡನೆ ಕನ್ನಡ ಕಾವ್ಯಗಳನ್ನೂ ತೆರೆಯಬೇಕಾಗುತ್ತದೆ ಎಂಬುದು ನಮ್ಮ ಪ್ರತಿಪಾದನೆ.

ಮೊದಲು ಆಧಾರಗಳನ್ನು ನೋಡೋಣ. ಭಾಗಮತಿಯನ್ನು ಹೆಸರಿಸುವವರಲ್ಲಿ ಮುಖ್ಯರು ಇಬ್ಬರು: 1590ರ ದಶಕದ ಆರಂಭದಲ್ಲಿ ದಖನಿಗೆ ಬಂದಿದ್ದ ಅಕ್ಬರನ ರಾಯಭಾರಿ ಫೈಜಿ, ಹಾಗೂ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಹನ ಆಶ್ರಯದಲ್ಲಿ ಇತಿಹಾಸ ಬರೆದ ಫೆರಿಸ್ತಾ. ಇಬ್ಬರೂ ಗೋಲ್ಕೊಂಡದ ಹೊರಗಿನವರು. ಒಬ್ಬನದು ಮೊಗಲರ ಪಕ್ಷ, ಇನ್ನೊಬ್ಬನದು ನೆರೆಯ ಪ್ರತಿಸ್ಪರ್ಧಿಯ ಆಸ್ಥಾನ. ಇಬ್ಬರ ಮಾತಿನಲ್ಲಿಯೂ ಅವಳು ವೇಶ್ಯೆ. ಗೋಲ್ಕೊಂಡದ ಆಸ್ಥಾನದ ಇತಿಹಾಸದಲ್ಲಿಯಾದರೋ ಅವಳ ಸುಳಿವಿಲ್ಲ. ಇದನ್ನು ಎತ್ತಿ ತೋರಿಸಿ ಹಾರೂನ್ ಖಾನ್ ಶೇರ್ವಾನಿಯವರು ಕಥೆಯನ್ನೇ ತಿರಸ್ಕರಿಸಿದರು. ಸೇತುವೆಯ ಮಾತೂ ಹೀಗೆಯೇ. ಇಂದು ಪುರಾನಾ ಪುಲ್ ಎನಿಸಿಕೊಂಡಿರುವ ಅದು ಮುಗಿದುದು 1578ರಲ್ಲಿ. ಆಗ ರಾಜಕುಮಾರನಿಗೆ ಹದಿನಾಲ್ಕು ತುಂಬಿರಲಿಲ್ಲ. ಸೇತುವೆಯ ಕಲ್ಲು ಇತಿಹಾಸದ್ದು, ಹೊಳೆ ಹಾಯುವ ಪ್ರಣಯಿ ಮಾತ್ರ ಸಾಹಿತ್ಯದವನು ಎಂದು ಹೇಳಿದರೆ ತಪ್ಪಾಗಲಾರದು.

ಆ ಸಾಹಿತ್ಯ ಯಾವುದು? ಫೆರಿಸ್ತಾ ತನ್ನ ಗ್ರಂಥವನ್ನು ಬರೆಯುತ್ತಿದ್ದ ವರ್ಷಗಳಲ್ಲಿಯೇ, 1609ರಲ್ಲಿ, ಗೋಲ್ಕೊಂಡದ ಕವಿ ಮುಲ್ಲಾ ವಜ್ಹಿ 'ಕುತುಬ್ ಮುಷ್ತರಿ' ಎಂಬ ಮಸ್ನವಿಯನ್ನು ದಖನಿಯಲ್ಲಿ ರಚಿಸಿದನು. ಕಥಾನಾಯಕ ಇನ್ನೂ ಬದುಕಿದ್ದ ಸುಲ್ತಾನ ಮಹಮ್ಮದ್ ಕುಲಿಯೇ. ಅವನು ಕನಸಿನಲ್ಲಿ ಒಬ್ಬ ಚೆಲುವೆಯನ್ನು ಕಂಡು ಮರುಳಾಗುತ್ತಾನೆ. ಅತಾರಿದ್ ಎಂಬ ಚಿತ್ರಕಾರ ಅವಳು ಬಂಗಾಳದ ಮುಷ್ತರಿ ಎಂದು ತಿಳಿಸುತ್ತಾನೆ. ದಾರಿಯಲ್ಲಿ ಘಟಸರ್ಪವನ್ನೂ ರಾಕ್ಷಸನನ್ನೂ ಗೆದ್ದು ನಾಯಕ ಅವಳನ್ನು ಪಡೆಯುತ್ತಾನೆ. ಮುಷ್ತರಿ ಎಂದರೆ ಗುರುಗ್ರಹ, ಅತಾರಿದ್ ಎಂದರೆ ಬುಧ. ನಗರದ ದೊರೆಯನ್ನು ಕವಿ ಗ್ರಹಮಂಡಲದಲ್ಲಿ ಕೂರಿಸಿದ್ದಾನೆ. ಮುಷ್ತರಿಯೇ ಭಾಗಮತಿ ಎಂದು ಕೆಲವರು ಊಹಿಸಿದ್ದುಂಟು. ಒಂದೇ ಕಾಲದ ಎರಡು ಬರಹಗಳಲ್ಲಿ ಒಂದು ವೇಶ್ಯೆ ಎನ್ನುತ್ತದೆ, ಇನ್ನೊಂದು ರಾಜಪುತ್ರಿ ಎನ್ನುತ್ತದೆ. ಎರಡನ್ನೂ ಒಂದುಗೂಡಿಸಿದುದು ಆಮೇಲಿನ ಓದುಗರು. ಜನಪ್ರಿಯವಾದುದು ಈ ಮೂರನೆಯ, ಕೂಡಿಸಿದ ಕಥೆ.

ಕನ್ನಡ ಬಲ್ಲವರಿಗೆ ವಜ್ಹಿಯ ಕಥೆಯ ಆರಂಭ ಅಪರಿಚಿತವೆನಿಸದು. ಸುಮಾರು 1170ರಲ್ಲಿ ನೇಮಿಚಂದ್ರನು ರಚಿಸಿದ 'ಲೀಲಾವತಿ ಪ್ರಬಂಧ'ದಲ್ಲಿ ಜಯಂತೀಪುರದ, ಎಂದರೆ ಬನವಾಸಿಯ, ಕದಂಬ ರಾಜಕುಮಾರ ಕಂದರ್ಪನು ಕನಸಿನಲ್ಲಿ ಲೀಲಾವತಿಯನ್ನು ಕಂಡು ಅವಳನ್ನು ಅರಸಿ ಹೊರಡುತ್ತಾನೆ. ಕಥೆಯ ಮೂಲ ಸುಬಂಧುವಿನ 'ವಾಸವದತ್ತಾ'. ಊರು ಮತ್ತು ವಂಶ ಮಾತ್ರ ಕರ್ನಾಟಕದ ಇತಿಹಾಸದವು. ಬನವಾಸಿಯ ಮೂಲ ಕದಂಬ ರಾಜ್ಯ ಆರನೆಯ ಶತಮಾನದಲ್ಲಿಯೇ ಚಾಲುಕ್ಯರಿಗೆ ಮಣಿದಿತ್ತು. ನೇಮಿಚಂದ್ರನಿಗೆ ಇತಿಹಾಸ ಒಂದು ದೂರದ ವೈಭವ, ವಜ್ಹಿಗೆ ಎದುರಿಗಿದ್ದ ಪೋಷಕ. ಆದರೂ ಇಬ್ಬರ ವಿಧಾನ ಒಂದೇ: ನಂಬಲರ್ಹವಾದ ಹೆಸರನ್ನು ನೆಲದಿಂದ ತೆಗೆದುಕೊಂಡು, ನಂಬಲಾಗದ ಘಟನೆಯನ್ನು ಹಳೆಯ ಕಾವ್ಯದಿಂದ ತೆಗೆದುಕೊಳ್ಳುವುದು. ವಜ್ಹಿ ಕನ್ನಡವನ್ನು ಓದಿದ್ದನೆಂದು ನಾವು ಹೇಳುತ್ತಿಲ್ಲ. ಸ್ವಪ್ನಪ್ರಣಯ ಪಾರಸಿಯಲ್ಲಿಯೂ ಉಂಟು. ನೇರ ಋಣಕ್ಕಿಂತ ಆ ಬೀಜ ಎರಡು ಕಡೆಯಿಂದಲೂ ಬಂದು ಬೇರೂರಬಲ್ಲ ನೆಲವೊಂದು ಇಲ್ಲಿತ್ತು ಎಂಬುದೇ ಮುಖ್ಯ.

ಆ ನೆಲದ ಇತಿಹಾಸ ಪೈಠಣದಿಂದ ಮೊದಲಾಗುತ್ತದೆ. ಗುಣಾಢ್ಯನು ಸಾತವಾಹನ ದೊರೆಯ ಪ್ರತಿಷ್ಠಾನದಲ್ಲಿದ್ದನೆಂಬುದು ಪರಂಪರೆಯ ಮಾತು. ಅವನ ಪೈಶಾಚೀ ಬೃಹತ್ಕಥೆ ನಷ್ಟವಾಗಿದೆ. ಗಂಗ ದುರ್ವಿನೀತನು ಅದನ್ನು ಸಂಸ್ಕೃತಕ್ಕೆ ತಂದನೆಂದು ಗಂಗರ ತಾಮ್ರಶಾಸನ ಹೇಳುತ್ತದೆ. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ತನ್ನ ಕನ್ನಡ ಪಂಚತಂತ್ರಕ್ಕೆ ವಸುಭಾಗಭಟ್ಟನ ಮೂಲಕ ಗುಣಾಢ್ಯನನ್ನೇ ಆದಿಯಾಗಿ ಹೇಳಿಕೊಳ್ಳುತ್ತಾನೆ. ಕಾಶ್ಮೀರದ ಸೋಮದೇವನಿಗಿಂತ ಕೆಲವು ದಶಕ ಮೊದಲೇ ಇದು ನಡೆದಿದೆ ಎಂಬುದನ್ನು ಹೊರಗಿನ ಸಂಶೋಧಕರು ಸಾಕಷ್ಟು ಗಮನಿಸಿಲ್ಲ.

ಈ ಪರಂಪರೆ ಭಾಷೆಯನ್ನು ಬದಲಿಸಿದಾಗಲೂ ಕಡಿಯಲಿಲ್ಲವೆಂಬುದಕ್ಕೆ ಬೀದರ ಸಾಕ್ಷಿ. ಹದಿನೈದನೆಯ ಶತಮಾನದ ಬಹಮನಿ ಕಾಲದಲ್ಲಿ ಫಖ್ರುದ್ದೀನ್ ನಿಜಾಮಿ ರಚಿಸಿದ 'ಕದಮ್ ರಾವ್ ಪದಮ್ ರಾವ್' ದಖನಿಯ ಉಪಲಬ್ಧ ಮಸ್ನವಿಗಳಲ್ಲಿ ಅತ್ಯಂತ ಪ್ರಾಚೀನ. ಜಮೀಲ್ ಜಾಲಿಬಿಯವರು ಇದನ್ನು 1973ರಲ್ಲಿ ಕರಾಚಿಯಲ್ಲಿ ಪ್ರಕಟಿಸಿದರು. ಕದಮ್ ರಾವ್ ಅರಸು. ಪದಮ್ ರಾವ್ ನಾಗ, ಅರಸನ ಮಂತ್ರಿ. ಅಖರ್‌ನಾಥನೆಂಬ ಜೋಗಿ ಅರಸನಿಗೆ ಪರಕಾಯ ಪ್ರವೇಶವನ್ನು ಕಲಿಸಿ, ಅವನು ಗಿಳಿಯ ದೇಹಕ್ಕೆ ಹೋದಾಗ ತಾನು ಅರಸನ ದೇಹವನ್ನು ಹೊಕ್ಕು ಸಿಂಹಾಸನವೇರುತ್ತಾನೆ. ಕೊನೆಗೆ ನಾಗಮಂತ್ರಿ ಜೋಗಿಯನ್ನು ಕಚ್ಚಿ ಒಡೆಯನಿಗೆ ಒಡಲನ್ನು ಮರಳಿಸುತ್ತಾನೆ.

ಕಥಾಸರಿತ್ಸಾಗರದ ಪೀಠಿಕೆಯಲ್ಲಿಯೇ, ಗುಣಾಢ್ಯನ ವೃತ್ತಾಂತದ ನೆರೆಯಲ್ಲಿ, ಇಂದ್ರದತ್ತನು ಸತ್ತ ನಂದರಾಜನ ದೇಹವನ್ನು ಹೊಗುವ ಕಥೆಯಿದೆ. ಅಲ್ಲಿ ಮಂತ್ರಿ ಶಕಟಾಲನು ಹಳೆಯ ದೇಹವನ್ನು ಸುಡಿಸಿ ಹೊರಗಿನವನನ್ನೇ ಅರಸನಾಗಿ ಉಳಿಸಿಕೊಳ್ಳುತ್ತಾನೆ. ಬೀದರದ ಕಥೆಯಲ್ಲಿ ಮಂತ್ರಿಯ ಕೆಲಸ ತಿರುಗುಮುರುಗಾಗಿದೆ: ಹೊರಗಿನವನನ್ನು ಓಡಿಸಿ ನಿಜವಾದ ಅರಸನನ್ನು ಕೂರಿಸುವುದು. ಇರಾನ್ ಇರಾಕುಗಳಿಂದ ಬಂದ ಆಫಾಕಿಗಳಿಗೂ ನೆಲೆನಿಂತ ದಖನಿಗಳಿಗೂ ವೈಮನಸ್ಸು ಬೆಳೆಯುತ್ತಿದ್ದ ಆಸ್ಥಾನದಲ್ಲಿ ಈ ತಿರುವು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಅಹಮದ್ ಶಹ ವಲಿ ಬಸ್ರಾದ ಖಲಫ್ ಹಸನನಿಗೆ ಉನ್ನತ ಪದವಿ ಕೊಟ್ಟ ಕಾಲವದು. ನೆಲದೊಳಗೆ ವಾಸಿಸುವ ನಾಗನೇ ನಿಷ್ಠಾವಂತ ಮಂತ್ರಿಯಾದುದನ್ನು ಈ ಬೆಳಕಿನಲ್ಲಿ ನೋಡಬಹುದು. ಆದರೆ 'ಕದಮ್' ಎಂಬ ಹೆಸರನ್ನು ಕದಂಬರೊಡನೆ ಜೋಡಿಸುವ ಆಸೆಯನ್ನು ಅದುಮಿಕೊಳ್ಳುವುದು ಲೇಸು; ಧ್ವನಿಸಾಮ್ಯವೊಂದೇ ಸಾಕ್ಷಿಯಾಗಲಾರದು. ಭಾಗಮತಿಯ ವಿಷಯದಲ್ಲಿ ಅಂತಹ ಆಸೆ ಎಲ್ಲಿಗೆ ಒಯ್ದಿತೆಂಬುದನ್ನು ಕಂಡಿದ್ದೇವೆ.

ಪೈಠಣ, ಬೀದರ, ಗೋಲ್ಕೊಂಡಗಳು 1956ರವರೆಗೆ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ವರ್ಷ ಮರಾಠವಾಡೆ ಮುಂಬಯಿಗೂ, ಬೀದರ ಮೈಸೂರಿಗೂ, ತೆಲಂಗಾಣ ಆಂಧ್ರಪ್ರದೇಶಕ್ಕೂ ಸೇರಿದವು. ಭಾಷಾವಾರು ವಿಂಗಡಣೆ ಆಡಳಿತಕ್ಕೆ ಅಗತ್ಯವಾಗಿದ್ದಿತು. ಸಾಹಿತ್ಯಚರಿತ್ರೆಗಳೂ ಅದೇ ಗೆರೆಯನ್ನು ಅನುಸರಿಸಬೇಕಾಗಿರಲಿಲ್ಲ. ಬೀದರ ಕರ್ನಾಟಕದಲ್ಲಿದ್ದರೂ ನಿಜಾಮಿಯ ಹೆಸರು ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಅಪರೂಪ. ಉರ್ದು ವಿದ್ವಾಂಸರಿಗೆ ನೇಮಿಚಂದ್ರ, ದುರ್ಗಸಿಂಹರು ಅಷ್ಟೇ ದೂರದವರು. ಹಳಗನ್ನಡ ಮತ್ತು ದಖನಿ ಎರಡನ್ನೂ ಬಲ್ಲ ಒಬ್ಬ ಸಂಶೋಧಕ ಮೊದಲು ಮಾಡಬಹುದಾದ ಕೆಲಸ ಸರಳವಾದುದು: 'ಲೀಲಾವತಿ', 'ಕದಮ್ ರಾವ್ ಪದಮ್ ರಾವ್', 'ಕುತುಬ್ ಮುಷ್ತರಿ' ಈ ಮೂರರ ಘಟನಾವಳಿಯನ್ನು ಕ್ರಮವಾಗಿ ಪಟ್ಟಿಮಾಡಿ, ಯಾವುದು ಊರಿನದು, ಯಾವುದು ಗ್ರಂಥದ್ದು ಎಂದು ಬೇರ್ಪಡಿಸುವುದು. ಮೂಸಿ ದಾಟುವ ಕುದುರೆ ಆ ಪಟ್ಟಿಯಲ್ಲಿ ಎಲ್ಲಿ ನಿಲ್ಲುವುದೆಂಬುದು ಆಮೇಲೆ ತಿಳಿದೀತು.