ಬೀಜಗಣಿತ ಪ್ರವೇಶ: ಹಿರಿಯ ಪ್ರಾಥಮಿಕ ಹಂತ

ಅಂಕಗಣಿತದಲ್ಲಿ ಪಳಗಿದ ಆರರಿಂದ ಎಂಟನೆಯ ತರಗತಿಯ ಮಕ್ಕಳು, ಬೆಲೆ ತಿಳಿಯದ ಅಥವಾ ಬದಲಾಗುತ್ತಿರುವ ಪರಿಮಾಣವೊಂದನ್ನು ಅಕ್ಷರದಿಂದ ಸೂಚಿಸಿ, ತಿಳಿದಿರುವ ಸಂಖ್ಯೆಗಳ ಜೊತೆಗೆ ಅದನ್ನೂ ಸಂಖ್ಯೆಯೆಂದೇ ಭಾವಿಸಿ ಲೆಕ್ಕ ಮಾಡಲು ಕಲಿಯುವ ಘಟ್ಟವೇ ಬೀಜಗಣಿತ ಪ್ರವೇಶ. ಇಂಥ ಅಕ್ಷರಕ್ಕೆ ಚರಾಕ್ಷರವೆಂದೂ, ಚರಾಕ್ಷರಗಳನ್ನೂ ಸಂಖ್ಯೆಗಳನ್ನೂ ಕೂಡುವ, ಕಳೆಯುವ, ಗುಣಿಸುವ ಬರಹಕ್ಕೆ ಬೀಜೋಕ್ತಿಯೆಂದೂ, ಎರಡು ಉಕ್ತಿಗಳು ಸಮವೆಂದು ಹೇಳುವ ವಾಕ್ಯಕ್ಕೆ ಸಮೀಕರಣವೆಂದೂ ಹೆಸರು. ಅಕ್ಷರವನ್ನು ಮೊದಲ ದಿನವೇ ಕೈಗಿತ್ತು ನಿಯಮಗಳನ್ನು ಉರು ಹೊಡೆಸಿದರೆ, ಅದು ಏಕೆ ಬೇಕಾಯಿತೆಂಬುದು ಮಗುವಿಗೆ ತಿಳಿಯದೆ ಹೋಗುತ್ತದೆ. ಬೀಜಗಣಿತವು ಚರಿತ್ರೆಯಲ್ಲಿ ಮಾತಿನ ಲೆಕ್ಕವಾಗಿ ಹುಟ್ಟಿ, ಊಹೆಯ ವಿಧಾನವನ್ನು ದಾಟಿ, ಬಹುಕಾಲದ ಮೇಲೆ ಸಂಕೇತಗಳನ್ನು ತಲುಪಿದ ವಿದ್ಯೆಯಾದುದರಿಂದ, ಬೋಧನೆಯೂ ಅದೇ ದಾರಿಯಲ್ಲಿ ನಡೆಯುವುದು ಹೆಚ್ಚು ಫಲಕಾರಿ.

ಕನ್ನಡ ನಾಡಿನ ಶಿಕ್ಷಕರಿಗೆ ಇದಕ್ಕೆ ಬೇಕಾದ ಸಾಮಗ್ರಿ ದೂರದಲ್ಲಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವೂ ಇದೆ. ಕನ್ನಡದಲ್ಲಿಯೇ ಗಣಿತವನ್ನು ಬರೆದವನು ‘ವ್ಯವಹಾರಗಣಿತ’ದ ಕರ್ತೃವಾದ ರಾಜಾದಿತ್ಯ. ಮಹಾವೀರನ ಗ್ರಂಥದಲ್ಲಿ ಬರುವ ಹಣ್ಣಿನ ಬೆಲೆಯ ಲೆಕ್ಕವೊಂದು ಇಂದಿನ ತರಗತಿಗೂ ಹೇಳಿಮಾಡಿಸಿದಂತಿದೆ: 9 ಮಾದಲದ ಹಣ್ಣು, 7 ಬೇಲದ ಹಣ್ಣುಗಳಿಗೆ ಒಟ್ಟು ಬೆಲೆ 107, 7 ಮಾದಲ, 9 ಬೇಲಗಳಿಗೆ 101, ಹಾಗಾದರೆ ಒಂದೊಂದು ಹಣ್ಣಿನ ಬೆಲೆಯೆಷ್ಟು? ಅಕ್ಷರದ ಹಂಗಿಲ್ಲದೆ ಮಕ್ಕಳು ಇದನ್ನು ಬಿಡಿಸಬಲ್ಲರು. ಎರಡು ಕೊಳ್ಳುವಿಕೆಗಳನ್ನು ಕೂಡಿಸಿದರೆ ಎರಡೂ ಬಗೆಯ ಹಣ್ಣುಗಳು ಹದಿನಾರು ಹದಿನಾರಾಗಿ ಬೆಲೆ 208 ಆಗುವುದರಿಂದ, ಒಂದು ಮಾದಲ ಮತ್ತು ಒಂದು ಬೇಲಕ್ಕೆ 13. ಒಂದರಿಂದ ಇನ್ನೊಂದನ್ನು ಕಳೆದರೆ 2 ಮಾದಲಗಳ ಬೆಲೆ 2 ಬೇಲಗಳ ಬೆಲೆಗಿಂತ 6 ಹೆಚ್ಚೆಂದು ತಿಳಿಯುವುದರಿಂದ, ಒಂದೊಂದರ ನಡುವಿನ ಅಂತರ 3. ಆದ್ದರಿಂದ ಮಾದಲಕ್ಕೆ 8, ಬೇಲಕ್ಕೆ 5. ಹನ್ನೊಂದು ಶತಮಾನಗಳ ಹಿಂದೆ ಇದೇ ನಾಡಿನಲ್ಲಿ ಕಲಿಸಿದ ಲೆಕ್ಕವೆಂಬ ಅರಿವು ಮಕ್ಕಳಿಗೆ ದೊರೆಯಬೇಕಾದದ್ದೇ.

ಮುಂದಿನ ಮೆಟ್ಟಿಲು ಊಹೆಯದು. ಅನುಕೂಲವಾದ ಒಂದು ಸಂಖ್ಯೆಯನ್ನು ಉತ್ತರವೆಂದಿಟ್ಟುಕೊಂಡು, ಬಂದ ಫಲವನ್ನು ಬೇಕಾದ ಫಲದೊಡನೆ ಹೋಲಿಸಿ ಊಹೆಯನ್ನು ತಿದ್ದುವ ಈ ವಿಧಾನವನ್ನು ಭಾರತೀಯ ಗ್ರಂಥಗಳು ಇಷ್ಟಕರ್ಮವೆಂದು ಕರೆಯುತ್ತವೆ. ಈಜಿಪ್ಟಿನ ಪುರಾತನ ಪ್ಯಾಪಿರಸ್ ಬರಹದಲ್ಲಿಯೂ ಇದು ಕಾಣುತ್ತದೆ. ಒಂದು ರಾಶಿಗೆ ಅದರ ಕಾಲುಭಾಗವನ್ನು ಕೂಡಿಸಿದರೆ 15 ಆಗಬೇಕಾದಾಗ, ರಾಶಿಯನ್ನು 4 ಎಂದು ಊಹಿಸಿದರೆ 5 ಬರುತ್ತದೆ. ಬೇಕಾದದ್ದು ಅದರ ಮೂರರಷ್ಟಾದ್ದರಿಂದ ರಾಶಿ 12. ಆದರೆ ಬೆಂಕಿಕಡ್ಡಿಗಳನ್ನು ಜೋಡಿಸಿ ಒಂದಕ್ಕೊಂದು ಅಂಟಿದ ಚೌಕಗಳ ಸಾಲನ್ನು ಮಾಡುವಾಗ ಈ ಉಪಾಯ ಸೋಲುತ್ತದೆ. 31 ಕಡ್ಡಿಗಳಿಂದ ಎಷ್ಟು ಚೌಕಗಳೆಂದು ಕೇಳಿ, 5 ಎಂದು ಊಹಿಸಿದರೆ 16 ಕಡ್ಡಿಗಳು ಬೇಕಾಗುತ್ತವೆ. ಎರಡರಷ್ಟು ಚೌಕಗಳಿಗೆ ಎರಡರಷ್ಟು ಕಡ್ಡಿಗಳು ಬೇಕಾಗುವುದಿಲ್ಲ, ಏಕೆಂದರೆ ಮೊದಲ ಚೌಕದ ಎಡಗಡೆಯ ಕಡ್ಡಿಯೊಂದು ಸದಾ ಹೆಚ್ಚುವರಿಯಾಗಿ ನಿಲ್ಲುತ್ತದೆ. ಈ ತೊಡಕಿನಲ್ಲಿ ಅಕ್ಷರದ ಅಗತ್ಯ ತಾನಾಗಿ ಎದ್ದುಬರುತ್ತದೆ: ಚೌಕಗಳು ‘ನ’ ಆದರೆ ಕಡ್ಡಿಗಳು 3ನ + 1, ಆದ್ದರಿಂದ 31 ಕಡ್ಡಿಗಳಿಗೆ 10 ಚೌಕಗಳು. ಇದನ್ನು 4 + 3(ನ − 1) ಎಂದು ಎಣಿಸುವ ಮಗುವೂ, ಅಡ್ಡಕಡ್ಡಿ ನಿಲುಕಡ್ಡಿಗಳನ್ನು ಬೇರೆಮಾಡಿ 2ನ + (ನ + 1) ಎನ್ನುವ ಮಗುವೂ ಒಂದೇ ತರಗತಿಯಲ್ಲಿ ಸಿಗುತ್ತಾರೆ. ಮೂರೂ ಒಂದೇ ಎಂದು ತೋರಿಸುವ ಚರ್ಚೆಯೇ ಬೀಜೋಕ್ತಿಗಳನ್ನು ಸುಲಭೀಕರಿಸುವ ಪಾಠ. 3ನ + 1ನ್ನು 4ನ ಎಂದು ಬರೆಯುವ ತಪ್ಪು ಕಡ್ಡಿಗಳನ್ನು ಎಣಿಸಿದೊಡನೆ ಬಯಲಾಗುತ್ತದೆ.

ಸಂಕೇತಗಳ ಚರಿತ್ರೆಯಲ್ಲಿ ಇಮ್ಮಡಿ ಭಾಸ್ಕರನ (ಜನನ 1114) ‘ಬೀಜಗಣಿತ’ಕ್ಕೆ ವಿಶೇಷ ಸ್ಥಾನವಿದೆ. ಮೊದಲ ಅಜ್ಞಾತಕ್ಕೆ ಯಾವತ್ತಾವತ್ ಎಂದೂ, ಮುಂದಿನವುಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರುಗಳನ್ನೂ ಇಟ್ಟು, ಬರಹದಲ್ಲಿ ಯಾ, ಕಾ, ನೀ ಎಂದು ಮೊದಲಕ್ಷರಗಳನ್ನಷ್ಟೇ ಬಳಸುವ ಪದ್ಧತಿ ಅಲ್ಲಿದೆ. ಹಣ್ಣಿನ ಲೆಕ್ಕವನ್ನು ಅದೇ ರೀತಿ 9ಮಾ + 7ಬೇ = 107 ಎಂದು ಬರೆಸುವಾಗ ಶಿಕ್ಷಕರು ಎಚ್ಚರ ವಹಿಸಬೇಕು: ‘ಮಾ’ ನಿಂತಿರುವುದು ಹಣ್ಣಿಗಲ್ಲ, ಒಂದು ಹಣ್ಣಿನ ಬೆಲೆಗೆ. ಈ ಭೇದ ಮಸುಕಾದರೆ ಮುಂದಿನ ತರಗತಿಗಳಲ್ಲಿ ದೊಡ್ಡ ಗೊಂದಲವಾಗುತ್ತದೆ. ಸಮ ಚಿಹ್ನೆಯಾದರೋ ಬಹಳ ಈಚಿನದು. ಅದನ್ನು 1557ರಲ್ಲಿ ಬಳಕೆಗೆ ತಂದವನು ವೇಲ್ಸ್‌ನ ರಾಬರ್ಟ್ ರೆಕಾರ್ಡ್.

ಧನ, ಋಣ ಮತ್ತು ಶೂನ್ಯಗಳ ಲೆಕ್ಕಕ್ಕೆ ಬ್ರಹ್ಮಗುಪ್ತನು 628ರಲ್ಲಿಯೇ ನಿಯಮಗಳನ್ನು ಕೊಟ್ಟಿದ್ದನು. ಕನಕಪುರ ರಸ್ತೆಯ ತಲಘಟ್ಟಪುರದ ಮಕ್ಕಳಿಗೆ ಇವನ್ನು ಕಲಿಸಲು 2021ರ ಜನವರಿಯಲ್ಲಿ ಆರಂಭವಾದ ಮೆಟ್ರೊ ಮಾರ್ಗವೇ ಸಾಕು. ತಮ್ಮ ಊರಿನ ನಿಲ್ದಾಣವನ್ನು ಶೂನ್ಯವೆಂದಿಟ್ಟುಕೊಂಡು, ನಗರದ ಕಡೆಗಿನ ವಾಜರಹಳ್ಳಿ, ದೊಡ್ಡಕಲ್ಲಸಂದ್ರ, ಕೋಣನಕುಂಟೆ ಕ್ರಾಸ್‌ಗಳನ್ನು 1, 2, 3 ಎಂದೂ, ಆಚೆ ಬದಿಯ ರೇಷ್ಮೆ ಸಂಸ್ಥೆಯನ್ನು −1 ಎಂದೂ ಗುರುತಿಸಿದರೆ, ಕೋಣನಕುಂಟೆ ಕ್ರಾಸ್‌ನಿಂದ ನಾಲ್ಕು ನಿಲ್ದಾಣ ಹಿಂದಕ್ಕೆ ಬಂದವರು 3 − 4 = −1 ಎಂಬಲ್ಲಿ ಇಳಿಯುತ್ತಾರೆ.

ಎಲ್ಲ ಸಂದರ್ಭಗಳಿಗೂ ಒಪ್ಪುವ ಮಾತನ್ನು ಹೇಳುವ ಸಾಮರ್ಥ್ಯ ಬೀಜಗಣಿತದ ಹಿರಿಮೆಯಾಗಿದ್ದು, ಅದಕ್ಕೆ ಮನೆಯ ಮುಂದಿನ ಚುಕ್ಕಿ ರಂಗೋಲಿಗಿಂತ ಒಳ್ಳೆಯ ಅಭ್ಯಾಸವಿಲ್ಲ. ಹಿಂದಿನ ಸಾಲಿನ ಚುಕ್ಕಿಗಳ ನಡುವೆ ಬರುವಂತೆ 1, 2, 3, 4, 3, 2, 1 ಎಂದು ಇಟ್ಟ ಚುಕ್ಕಿಗಳು ಒಟ್ಟು 16. ನಡುಸಾಲಿನಲ್ಲಿ ‘ನ’ ಚುಕ್ಕಿಗಳಿದ್ದರೆ ಮೊತ್ತ ನ × ನ, ಏಕೆಂದರೆ ಓರೆಯಾಗಿ ನೋಡಿದಾಗ ಆ ವಿನ್ಯಾಸ ಒಂದು ಚೌಕ. ಚುಕ್ಕಿಗಳನ್ನು ಒಂದರ ಕೆಳಗೊಂದು ನೇರವಾಗಿಟ್ಟು 1, 3, 5, 3, 1 ಎಂದು ಬಿಡಿಸಿದರೆ ಮೊತ್ತ 13. ಇದರಲ್ಲಿ 9 ಮತ್ತು 4 ಚುಕ್ಕಿಗಳ ಎರಡು ಓರೆ ಚೌಕಗಳು ಹೆಣೆದುಕೊಂಡಿರುವುದನ್ನು ಎರಡು ಬಣ್ಣದ ಪುಡಿಯಿಂದ ಗುರುತಿಸಿದ ಮಕ್ಕಳು, 1, 3, 5, 7, 5, 3, 1ರ ಮೊತ್ತ 16 + 9 ಆಗಬೇಕೆಂದು ಎಣಿಸುವ ಮೊದಲೇ ಹೇಳಬಲ್ಲರು.