ಸಹಕಲಿಕೆ ದತ್ತಾಂಶ ಪ್ರಮಾಣೀಕರಣ

ವಿದ್ಯಾರ್ಥಿಗಳು ಡಿಜಿಟಲ್ ಸಾಧನಗಳ ಮೂಲಕ ಗುಂಪಾಗಿ ಕಲಿಯುವಾಗ ನಡೆಯುವ ಚರ್ಚೆ, ಬರವಣಿಗೆ, ತಿದ್ದುಪಡಿಗಳ ದಾಖಲೆಯನ್ನು ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಸಮಾನ ರೂಪಕ್ಕೆ ತರುವ ಕ್ರಮ; ಶೈಕ್ಷಣಿಕ ತಂತ್ರಜ್ಞಾನದ ಒಂದು ವಿಭಾಗ. ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಕಾರ್ಯಕ್ರಮ 2000ರಲ್ಲಿ ಹೊರತಂದ ಸ್ಕಾರ್ಮ್ ಮಾನಕವು ಮುಖ್ಯವಾಗಿ ಒಬ್ಬೊಬ್ಬ ಕಲಿಕಾರ್ಥಿಯ ಅಂಕ, ಪಾಠ ಮುಗಿಸಿದ ಸ್ಥಿತಿ ಮತ್ತು ತಗುಲಿದ ಸಮಯವನ್ನು ದಾಖಲಿಸುತ್ತಿತ್ತು. ಪರಸ್ಪರ ಕಲಿಕೆಯನ್ನು ಹಿಡಿದಿಡಲು ಅದು ಸಾಲದಾಯಿತು. ಎಡಿಎಲ್‌ನದೇ ಎಕ್ಸ್‌ಎಪಿಐ (2013) ಪ್ರತಿ ಘಟನೆಯನ್ನೂ ಕರ್ತೃ, ಕ್ರಿಯೆ, ಕರ್ಮಗಳುಳ್ಳ ಹೇಳಿಕೆಯಾಗಿ ಬರೆದಿಡುತ್ತದೆ. ಕರ್ತೃವಿನ ಸ್ಥಾನದಲ್ಲಿ ಗುಂಪೂ ಇರಬಹುದು; ಒಂದು ಹೇಳಿಕೆ ಇನ್ನೊಂದನ್ನು ಉಲ್ಲೇಖಿಸಬಹುದು. ಹೀಗಾಗಿ ಯಾರ ಮಾತಿಗೆ ಯಾರು ಉತ್ತರಿಸಿದರೆಂಬ ಸರಣಿ ಉಳಿಯುತ್ತದೆ. 2015ರ ಕ್ಯಾಲಿಪರ್ ಮಾನಕದ ಉದ್ದೇಶವೂ ಕಲಿಕೆಯ ಘಟನೆಗಳನ್ನು ಏಕರೂಪವಾಗಿ ದಾಖಲಿಸುವುದೇ.

ಏಕರೂಪತೆಯಿಂದ ಸಂವಾದದ ಅರ್ಥ ಸೊರಗಿ, ಎಣಿಸಬಹುದಾದದ್ದಷ್ಟೇ ಉಳಿಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಎಕ್ಸ್‌ಎಪಿಐ ಹೇಳಿಕೆಯಲ್ಲಿ ಸಂದರ್ಭಕ್ಕೂ ವಿದ್ಯಾರ್ಥಿಯ ಉತ್ತರದ ಪಠ್ಯಕ್ಕೂ ಸ್ಥಳವಿದೆ. ಮಾನಕವು ದಾಖಲೆಯ ರೂಪವನ್ನು ನಿಗದಿಮಾಡುತ್ತದೆಯೇ ಹೊರತು ಕಲಿಕೆಯ ಗುಣಮಟ್ಟವನ್ನು ತೀರ್ಮಾನಿಸುವುದಿಲ್ಲ. ಖಾಸಗಿತನದ ಆತಂಕಕ್ಕೆ ಹೆಸರು, ಇಮೇಲ್‌ಗಳ ಬದಲು ಗುರುತುಸಂಖ್ಯೆ ಬಳಸುವ ಅವಕಾಶ ಭಾಗಶಃ ಉತ್ತರ. ವಿದ್ಯಾರ್ಥಿಗಳ ಸಮ್ಮತಿ ಪಡೆಯುವ ಹೊಣೆ ಶಿಕ್ಷಣ ಸಂಸ್ಥೆಯದೇ. ಸಮಾನ ರೂಪವಿಲ್ಲದಿದ್ದರೆ ಒಂದು ತರಗತಿಯ ನಿರ್ಣಯವನ್ನು ಮತ್ತೊಂದರಲ್ಲಿ ಪರೀಕ್ಷಿಸುವುದು ಕಷ್ಟ. ಪ್ರಮಾಣೀಕರಣದ ಮಹತ್ವ ಇದರಲ್ಲಿದೆ. ತಾಂತ್ರಿಕ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ಐಟ್ರಿಪಲ್‌ಇ 2023ರಲ್ಲಿ ಎಕ್ಸ್‌ಎಪಿಐಯನ್ನು 9274.1.1 ಸಂಖ್ಯೆಯ ಮಾನಕವಾಗಿ ಪ್ರಕಟಿಸಿತು.